ಪೆಟ್ಟಿಗೆಯೊಳಗಿನ ಮೂರು ಚೀಟಿ

ಡೆನ್ಮಾರ್ಕಿನ ದಕ್ಷಿಣ ಯೂಟ್ಲೆಂಡಿನಲ್ಲಿ, ಸಹೋದರ ಸಭೆಯೆಂಬ ಕ್ರೈಸ್ತ ಪಂಗಡದ ಊರಿನಲ್ಲಿ, ಮದುವೆಯನ್ನು ಹುಡುಗನೂ ನಿಶ್ಚಯಿಸುತ್ತಿರಲಿಲ್ಲ, ಹುಡುಗಿಯ ಅಪ್ಪನೂ ನಿಶ್ಚಯಿಸುತ್ತಿರಲಿಲ್ಲ. ಒಂದು ಮರದ ಪೆಟ್ಟಿಗೆ ನಿಶ್ಚಯಿಸುತ್ತಿತ್ತು. ಅದರೊಳಗೆ ಸುರುಳಿ ಸುತ್ತಿದ ಮೂರು ಚೀಟಿ: ಒಂದು 'ಹೌದು', ಒಂದು 'ಇಲ್ಲ', ಒಂದು ಬರಿದು. ಬರಿದು ಬಂದರೆ ಕಾಯಬೇಕು. ಹಿರಿಯರು ಪ್ರಾರ್ಥಿಸಿ ಎತ್ತಿದ್ದು ಕರ್ತನ ಚಿತ್ತ, ಅದಕ್ಕೆ ಎದುರಾಡುವಂತಿರಲಿಲ್ಲ.

ಜೇನುಕೇಕು ಸುಡುವ ಥ್ಯೂಗೆಗೆ ಅಂದು ಬೆಳಗಿನಿಂದಲೇ ಕೈಕಾಲು ಆಡಲಿಲ್ಲ. ಬೆನೆಡಿಕ್ಟೆಯನ್ನು ಬಯಸಿ ಅವನು ಸಲ್ಲಿಸಿದ್ದ ಕೋರಿಕೆ ಮಧ್ಯಾಹ್ನ ಪೆಟ್ಟಿಗೆಯ ಮುಂದೆ ಬರಲಿತ್ತು. ಆರಾಧನೆಯಲ್ಲಿ ಹೆಂಗಸರ ಸಾಲಿನಲ್ಲಿ, ಆಗಸ್ಟಿನ ಬೇಸಿಗೆಯಲ್ಲೂ ಎರಡು ಶಾಲು ಹೊದ್ದು ನಡುಗುವ ಹುಡುಗಿ ಅವಳು. ಅವಳ ಟೊಪ್ಪಿಗೆಯ ಮೇಲಿನ, ಮದುವೆಯಾಗದವರ ಗುಲಾಬಿ ಲಾಡಿ ಮುತ್ತೈದೆಯರ ನೀಲಿಗೆ ತಿರುಗಲೆಂದು ಅವನು ನಾಲ್ಕು ವರ್ಷದಿಂದ ಹಂಬಲಿಸುತ್ತಿದ್ದ.

"ಉಪವಾಸ ಮಾಡೋ," ಎಂದ ತಗಡಿನ ಕೆಲಸದ ಯೆಪ್ಪೆ.

"ಬೇಡಪ್ಪಾ, ಚೆನ್ನಾಗಿ ತಿನ್ನು. ಉಪವಾಸ ಅಂದ್ರೆ ದೇವರನ್ನೇ ಬಲವಂತ ಮಾಡ್ದಂಗೆ," ಎಂದ ಮೇಣದಬತ್ತಿ ಮಾಡುವ ಓವೆ. "ನಂಗೆ ಮೂರು ಸಲ 'ಇಲ್ಲ' ಬಂತು. ನೋಡು, ಎಷ್ಟು ನೆಮ್ಮದಿಯಾಗಿದೀನಿ!" ಹಾಗೆನ್ನುತ್ತ ಮೂಗು ಒರೆಸಿಕೊಂಡ.

ಅಷ್ಟರಲ್ಲಿ ಒಲೆಯೊಳಗಿನ ಕೇಕುಗಳು ಸೀದು ಕುದುರೆಯ ಲಾಳದಂತಾಗಿದ್ದವು. ಕಪ್ಪು ಕಡಿಮೆಯಿದ್ದವುಗಳನ್ನು ಆರಿಸಿಕೊಂಡು, ಹಿರಿಯರ ಮಧ್ಯಾಹ್ನದ ಕಾಫಿಗೆಂದು ಥ್ಯೂಗೆ ಅವರ ಕೋಣೆಗೆ ಒಯ್ದ. ಅಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆ ಇತ್ತು.

ಹುಟ್ಟಿದಾಗಿನಿಂದ ಸಭೆಗೆ ತಲೆಬಾಗಿದ್ದವನ ಕೈ, ಮೆತ್ತಿದ ಹಿಟ್ಟಿನ ಸಮೇತ, ಮುಚ್ಚಳ ತೆರೆಯಿತು. 'ಇಲ್ಲ'ವನ್ನು ಜೇಬಿಗಿಳಿಸೋಣವೆಂದು ಒಂದು ಚೀಟಿ ಬಿಚ್ಚಿದ: 'ಹೌದು'. ಎರಡನೆಯದೂ 'ಹೌದು'. ಮೂರನೆಯದೂ! ಮೂರೂ ಮುದಿ ಹಿರಿಯ ಟ್ರೌಗಾಟರ ನಡುಗುವ ಕೈಬರಹ. ಥ್ಯೂಗೆಯ ಕಣ್ಣು ತುಂಬಿತು. ಸುರುಳಿಗಳನ್ನು ಮಲಗಿದ ಕೂಸುಗಳಂತೆ ಮತ್ತೆ ಒಳಗಿಟ್ಟ.

ಹಿರಿಯರು ಸೇರಿದರು. ಥ್ಯೂಗೆ ಕಾಫಿ ಬಗ್ಗಿಸುತ್ತಿದ್ದ. ಟ್ರೌಗಾಟರು ಪೆಟ್ಟಿಗೆಗೆ ಕೈ ಚಾಚುವಷ್ಟರಲ್ಲಿ ಇನ್ನೊಬ್ಬ ಹಿರಿಯ ಲೊರೆನ್ಸರು ಕಾಗದವೊಂದನ್ನು ತೆಗೆದರು.

"ತಡೀರಿ ಅಣ್ಣ. ಈಗಷ್ಟೇ ಬಂದ ಟಪಾಲು. ಗ್ರೀನ್‌ಲೆಂಡಿನ ಹಿಮದಲ್ಲಿರೋ ನಮ್ಮ ಮಿಷನ್ ಸೇವೆಗೆ ರೊಟ್ಟಿ ಸುಡೋನು ಬೇಕಂತೆ, ಜೀವಮಾನಕ್ಕೆ. ನಮ್ಮ ಥ್ಯೂಗೆ ಹೋಗ್ಬೇಕಾ ಅಂತ ಮೊದಲು ಪೆಟ್ಟಿಗೇನ ಕೇಳಿಬಿಡೋಣ."

ಟ್ರೌಗಾಟರು ಬಿಳಿಚಿಕೊಂಡರು. "ಇವತ್ತೇ ಯಾಕೆ? ನಾಳೆ ಕೇಳಿದ್ರಾಗಲ್ವಾ?"

"ಕರ್ತನಿಗೆ ಇವತ್ತೇನು, ನಾಳೆಯೇನು?" ಎಂದು ಲೊರೆನ್ಸರು ತಾವೇ ಎತ್ತಿದರು. 'ಹೌದು.'

ಥ್ಯೂಗೆ ಬಗ್ಗಿಸುತ್ತಿದ್ದ ಕಾಫಿ ಬಟ್ಟಲು ತುಂಬಿ ಮೇಜಿಗಿಳಿಯಿತು.

ಆಮೇಲೆ ಮದುವೆಯ ಪ್ರಶ್ನೆ. ಅದಕ್ಕೂ 'ಹೌದು.'

ಬಾಗಿಲ ಬಳಿ ಟ್ರೌಗಾಟರು ಅವನ ತೋಳು ಹಿಡಿದರು. "ತಮ್ಮಾ, ನನ್ನದೊಂದು ತಪ್ಪಾಗಿದೆ. ಒಪ್ಪಿಕೊಂಡ್ರೆ ಗ್ರೀನ್‌ಲೆಂಡ್ ತಪ್ಪುತ್ತೆ. ಆದ್ರೆ ಅವಳೂ..."

"ಬಾಯಿ ಬಿಡ್ಬೇಡಿ ಹಿರಿಯರೇ. ನಾನೂ ಬಿಡಲ್ಲ."

ಮುದುಕರು ಅವನ ಬೆರಳುಗಳನ್ನೇ ದಿಟ್ಟಿಸಿದರು. "ಅದಕ್ಕೇ ಚೀಟಿ ಮೇಲೆಲ್ಲ ಹಿಟ್ಟು!"

ಸಂಜೆ, ಸಭೆಯ ಅವಿವಾಹಿತ ಹೆಂಗಸರು ಒಟ್ಟಿಗೆ ವಾಸಿಸುವ ಸಹೋದರಿಯರ ಮನೆಯಿಂದ ಬೆನೆಡಿಕ್ಟೆಯ ಉತ್ತರ ಬಂತು: "ಸಭೆಯ ಮಾತಿಗೆ ಸಂತೋಷವಾಗಿ ತಲೆಬಾಗ್ತೀನಿ. ಒಲೆ ಪಕ್ಕ ಜಾಗ ಕೊಟ್ರೆ ಸಾಕು. ಒಂದೇ ಒಂದು ಕೇಳ್ಬೇಕಿತ್ತು: ಅಲ್ಲಿ ಸೆಕೆ ಶುರುವಾಗೋದು ಯಾವ ತಿಂಗಳು?"