ಪೈಲ್ವಾನರಿಗೆ ನಾಲ್ಕನೇ ತಿಂಗಳು

ಗುರುಸಿದ್ದವ್ವ: ನಮ್ಮ ಎಮ್ಮಿಗೂ ಗಂಡಸರ ಗಂಟು ಬಂದೈತೇನ್ರಿ?

ಭೀಮಗೊಂಡ: ಎಮ್ಮಿಗೆ ಯಾಕ ಬರತೈತಿ?

ಗುರುಸಿದ್ದವ್ವ: ಮತ್ತ ಅದಕ್ಯಾಕ ನಿಮ್ಮ ಗುಳಗಿ ತಿನಸಾಕತ್ತೀರಿ?

ಭೀಮಗೊಂಡ: ಯಾರ ಹೇಳಿದ್ರು?

ಗುರುಸಿದ್ದವ್ವ: ಎಮ್ಮೀನ ಹೇಳತು. ಹಿಂಡಿ ತಿಂದು ಗುಳಗಿ ಬಿಟ್ಟೈತಿ. ಬುಟ್ಟಿ ತಳಕ್ಕ ಹತ್ಯಾವ ನೋಡ್ರಿ. ಮೂಕ ಪ್ರಾಣಿ ಖರೆ, ತನ್ನ ಬ್ಯಾನಿ ಯಾವುದು, ಮಂದೀದು ಯಾವುದು ಅದಕ್ಕ ತಿಳೀತೈತಿ.

ಭೀಮಗೊಂಡ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದ. ಒಂದು ಕಾಲಕ್ಕೆ ಕೊಲ್ಲಾಪುರದ ತಾಲೀಮಿನ ಕೆಂಪು ಮಣ್ಣಿನಲ್ಲಿ ಹೊರಳಿ, ತನ್ನೂರು ಗಡಹಿಂಗ್ಲಜಕ್ಕೆ ಹೆಸರು ತಂದ ಪೈಲ್ವಾನ. ಯಾವ ಹಿಡಿತದಿಂದ ಹೇಗೆ ಜಾರಿಕೊಳ್ಳಬೇಕೆಂದು ವಸ್ತಾದರು ಅವನಿಗೆ ಎಲ್ಲವನ್ನೂ ಕಲಿಸಿದ್ದರು. ಹೆಂಡತಿ ಬುಟ್ಟಿ ಹಿಡಿದು ಎದುರಿಗೆ ನಿಂತರೆ ಏನು ಮಾಡಬೇಕೆಂಬುದೊಂದನ್ನು ಬಿಟ್ಟು.

ದೀಪಾವಳಿ ಕಳೆದ ಮೇಲೆ ಮೂತ್ರ ಕಟ್ಟಿ ಅವನನ್ನು ಕೊಲ್ಲಾಪುರದ ದವಾಖಾನೆಗೆ ಸೇರಿಸಿದ್ದರು. ದಾರಿ ಬಿಡಿಸಿದ ಡಾಕ್ಟರು, ಒಳಗಿನ ಗಂಟು ಕ್ಯಾನ್ಸರಿನದು, ಗಂಡಸುತನದ ರಸವೇ ಅದಕ್ಕೆ ಗೊಬ್ಬರ, ಆ ಗೊಬ್ಬರ ನಿಲ್ಲಿಸಬೇಕು ಎಂದಿದ್ದರು. ನಿಲ್ಲಿಸಲು ಎರಡು ದಾರಿ: ಬೀಜ ತೆಗೆಯುವುದು, ಇಲ್ಲವೇ ಇರುವಷ್ಟು ದಿನ ಗುಳಿಗೆ ನುಂಗುವುದು. ಡಾಕ್ಟರ ಮಾತು ಮುಗಿಯುವ ಮೊದಲೇ ಭೀಮಗೊಂಡ ಗುಳಿಗೆ ಎಂದಿದ್ದ.

ಗುರುಸಿದ್ದವ್ವ: ವಾರ ಆತು, ನೀವು ಬೀಸಣಿಕಿ ಕೇಳಿಲ್ಲ. ಆವಾಗ ನನಗ ಸಂಶೇ ಬಂತು.

ಭೀಮಗೊಂಡ: ಆ ಗುಳಗಿ ನುಂಗಿದ್ರ ಮೈಯಾಗ ಬೆಂಕಿ ಹಚ್ಚಿದಂಗ ಆಗತೈತಿ. ಕುತ್ತಿಗಿಯಿಂದ ನೆತ್ತೀಗೆ ಏರತೈತಿ. ಬೆವರ ಕಿತ್ತು ಅಂಗಿ ತೋಯತೈತಿ. ನಿನಗದು ತಿಳಿಯೂದಿಲ್ಲ.

ಗುರುಸಿದ್ದವ್ವ: ನನಗ ತಿಳಿಯೂದಿಲ್ಲ? ಮುಟ್ಟು ನಿಂತಾಗ ನಾ ಹಂಗ ವರ್ಷಗಟ್ಟಲೆ ಬೆಂದೇನಿ.

ಭೀಮಗೊಂಡ: ಯಾವಾಗ?

ಗುರುಸಿದ್ದವ್ವ: ನೀವು ಕುಸ್ತಿ ನೋಡಾಕ ಊರೂರು ತಿರಗತಿದ್ರಿ, ಆವಾಗ.

ಭೀಮಗೊಂಡ: ನನಗ ಹೇಳಬೇಕಿತ್ತಿಲ್ಲ?

ಗುರುಸಿದ್ದವ್ವ: ಹೇಳಿನ್ರಿ. ಹಂಗಾರ ಎರಡ ಹಂಚು ತಗಸೂಣು, ಗಾಳಿ ಬರತೈತಿ ಅಂದ್ರಿ.

ಭೀಮಗೊಂಡನಿಗೆ ಹಂಚಿನ ವಿಷಯ ನೆನಪಿಗೆ ಬಂತು. ತೆಗೆಸಿರಲಿಲ್ಲ ಎಂಬುದೂ ನೆನಪಿಗೆ ಬಂತು. ಮಾತು ಬೇರೆ ಕಡೆ ಹೊರಳಿಸಿದ.

ಭೀಮಗೊಂಡ: ಬರೇ ಬೆಂಕಿ ಇದ್ರ ತಡಕೊಂತಿದ್ದೆ. ಎದಿ ನೋಡಿಯೇನು? ಉಬ್ಬ್ಯಾವ. ಮುಟ್ಟಿದ್ರ ನೋಯತಾವ. ಐತವಾರ ಹೊಸಾ ತಾಲೀಮಿನ ಉದ್ಘಾಟನಾ ಐತಿ. ಕಾರ್ಖಾನೀ ಚೇರಮನ್ನರು ಬರತಾರ. ಮೊದಲನೇ ಶಡ್ಡು ನಾನ ಹೊಡೀಬೇಕಂತ. ಬರೇ ಮೈಲೆ ಕಣಕ್ಕ ಇಳದು ತೊಡಿ ತಟ್ಟಿದ್ರ ಮಂದಿ ಎಲ್ಲಿ ನೋಡತಾರ, ಹೇಳು? ತೊಡಿ ನೋಡತಾರೋ?

ಗುರುಸಿದ್ದವ್ವ: ಐತವಾರದ ಸಲುವಾಗಿ ಗುಳಗಿ ಬಿಟ್ರಿ. ಟೊಂಕ ಮತ್ತ ಹಿಡಕೊಂಡೈತಲ್ಲ, ಅದು ಯಾವ ವಾರದ ಸಲುವಾಗಿ?

ಭೀಮಗೊಂಡ: ಯಾರ ಟೊಂಕ?

ಗುರುಸಿದ್ದವ್ವ: ನಿನ್ನೆಯಿಂದ ಕಂಬ ಹಿಡಕೊಂಡು ಏಳಾಕತ್ತೀರಿ. ಗಂಟು ಎಲುಬಿಗೆ ಇಳೀತಂದ್ರ ಕಷ್ಟ ಅಂತ ಡಾಕ್ಟರು ನನ್ನ ಮುಂದ ಹೇಳ್ಯಾರ. ನಿಮಗ ಗುಳಗಿ ಒಲ್ಲೆಂದ್ರ ಹೇಳ್ರಿ, ಸೋಮವಾರ ತೋರಸಾಕ ಹೋಗೂದೈತಲ್ಲ, ಕತ್ರಿ ತಯಾರ ಇಡ್ರಿ ಅಂತ ಹೇಳತೇನಿ.

ಭೀಮಗೊಂಡ: ಅದು ಹೆಂಗಸರ ಗುಳಗೀಲೇ! ಮೆಡಿಕಲ್ ಅಂಗಡಿಯಂವ ಹೇಳ್ಯಾನ. ಬಸರಿ-ಬಾಣಂತ್ಯಾರಿಗೆ ಕೊಡೂದಂತ.

ಗುರುಸಿದ್ದವ್ವ: ಇಲ್ಲೇ ಊರಾಗಿನ ಅಂಗಡ್ಯಾಂವ? ಅವ ಏನ ಕೇಳಿದ?

ಭೀಮಗೊಂಡ: ಮರಾಠ್ಯಾಗ ಕೇಳಿದ. ‘ಕಿತಿ ಮಹಿನೆ?’ ಅಂದ. ದವಾಖಾನಿಯಿಂದ ಬಂದು ನಾಲ್ಕು ತಿಂಗಳಾತಲ್ಲ, ನಾ ‘ಚಾರ್’ ಅಂದೆ. ಭಾರ ಎತ್ತಬ್ಯಾಡ್ರಿ ಅಂತ ಹೇಳ್ರಿ ಅಂದ.

ಗುರುಸಿದ್ದವ್ವ: ಯಾರಿಗೆ ಹೇಳ್ರಿ ಅಂದ?

ಭೀಮಗೊಂಡ ಇದನ್ನು ಯೋಚಿಸಿರಲಿಲ್ಲ. ಯೋಚಿಸಲು ಹೊತ್ತೂ ಸಿಗಲಿಲ್ಲ. ಬಾಗಿಲಲ್ಲಿ ಕುಂಥುನಾಥ ಚಪ್ಪಲಿ ಬಿಡುತ್ತಿದ್ದ. ಬೆಲ್ಲದ ವ್ಯಾಪಾರಿ, ತಾಲೀಮಿನ ಕಾಲದ ಗೆಳೆಯ. ಈಗ ಕುಸ್ತಿ ಬಿಟ್ಟು ತೂಕ ಮಾತ್ರ ಉಳಿಸಿಕೊಂಡಿದ್ದ. ಕೈಯಲ್ಲೊಂದು ಮುಚ್ಚಿದ ಬಟ್ಟಲು.

ಕುಂಥುನಾಥ: ವೈನಿ, ನಮ್ಮ ಮನಿಯಾಕಿ ಚಂಪಾಬಾಯಿ ಕೊಟ್ಟ ಕಳಿಸ್ಯಾಳ. ಹುಣಸಿಕಾಯಿ, ಉಪ್ಪು ಹಚ್ಚೈತಿ.

ಗುರುಸಿದ್ದವ್ವ: ಹುಣಸಿಕಾಯಿ ಯಾಕ್ರಿ ಭಾವುಜಿ?

ಕುಂಥುನಾಥ: ವಾಕರಿಕಿ ಬಂದಾಗ ಒಂದ ತುಣುಕು ಬಾಯಾಗ ಇಟ್ಕೋರಿ. ಬರತಿರಬೇಕಲ್ಲ?

ಗುರುಸಿದ್ದವ್ವ: ವಾಕರಿಕಿ ನನಗಲ್ರಿ, ಇವರಿಗೆ ಬರತಿತ್ತು.

ಕುಂಥುನಾಥ ಗೆಳೆಯನ ಮುಖ ನೋಡಿದ. ಅದರಲ್ಲಿ ಮರುಕವಿತ್ತು, ಬೆರಗೂ ಇತ್ತು.

ಕುಂಥುನಾಥ: ಇರತೈತಿ, ಇರತೈತಿ. ಕೆಲವು ಮನ್ಯಾಗ ಗಂಡಗೂ ಬರತೈತಂತ, ಮಾಯಾ ಭಾಳ ಇದ್ರ. ಟೊಂಕ ಹೆಂಗೈತ್ರಿ ವೈನಿ?

ಗುರುಸಿದ್ದವ್ವ: ಟೊಂಕಾನೂ ಇವರದ ನೋಯತೈತಿ.

ಕುಂಥುನಾಥ: ಟೊಂಕಾನೂ?

ಗುರುಸಿದ್ದವ್ವ: ಘಳಿಗಿಗೊಮ್ಮೆ ಹೊರಗ ಹೋಗೂದೂ ಇವರದ. ಸುಮ್ಮಸುಮ್ಮನ ಕಣ್ಣೀರ ಬರೂದೂ ಇವರದ.

ಕುಂಥುನಾಥ: ಹಂಗಾರ ನಿಮಗೇನ ಆಗತೈತ್ರಿ?

ಗುರುಸಿದ್ದವ್ವ: ನನಗ ಸಿಟ್ಟ ಬರತೈತಿ.

ಕುಂಥುನಾಥ: ಅದು ಈ ದಿನದಾಗ ಬರೂದ. ಆದ್ರೂ ವೈನಿ, ಈ ವಯಸ್ಸಿನ್ಯಾಗ ನಾಲ್ಕನೇ ತಿಂಗಳಂದ್ರ ಜ್ವಾಕಿ ಇರಬೇಕು. ಎಮ್ಮಿ ಕೆಲಸ ಬಿಡ್ರಿ.

ಹಿತ್ತಲಲ್ಲಿ ಎಮ್ಮೆ ಒಮ್ಮೆ ಮೂಗು ಸೀನಿತು. ಗುರುಸಿದ್ದವ್ವ ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟು, ಅದರ ಪಕ್ಕದಲ್ಲೇ ಕೂತಳು.

ಗುರುಸಿದ್ದವ್ವ: ಯಾರ್ಯಾರಿಗೆ ಗೊತ್ತೈತ್ರಿ ಭಾವುಜಿ?

ಕುಂಥುನಾಥ: ಭಾಳ ಮಂದಿಗಿಲ್ಲ. ಮೆಡಿಕಲ್‌ದಂವ ತಾಲೀಮಿನ ಕಟ್ಟಿಮ್ಯಾಲೆ ಹೇಳ್ಯಾನ. ಅಲ್ಲೇ ಇದ್ದವರಿಗಷ್ಟ.

ಗುರುಸಿದ್ದವ್ವ: ಇಚಲಕರಂಜಿಗೆ?

ಇಚಲಕರಂಜಿಯಲ್ಲಿ ಮಗ ಮಗ್ಗ ಹಾಕಿದ್ದ. ಅಲ್ಲಿ ಸೊಸೆ ಇದ್ದಳು, ಮದುವೆಯ ವಯಸ್ಸಿಗೆ ಬಂದ ಮೊಮ್ಮಗಳೂ ಇದ್ದಳು.

ಕುಂಥುನಾಥ: ಇಚಲಕರಂಜಿ ಗಾಡಿಗೆ ಹೋಗವರು ಇಬ್ರು ಕಟ್ಟಿಮ್ಯಾಲೆ ಇದ್ರು. ಅವರು ಹೇಳೂದಿಲ್ಲ. ಕೇಳಿದ್ರಷ್ಟ ಹೇಳತಾರ.

ಗುರುಸಿದ್ದವ್ವ ಸೆರಗನ್ನು ತಲೆಯ ಮೇಲೆ ಮುಂದಕ್ಕೆ ಎಳೆದುಕೊಂಡಳು. ಕುಂಥುನಾಥ ಗೆಳೆಯನ ಕಡೆ ವಾಲಿ ದನಿ ಇಳಿಸಿದ.

ಕುಂಥುನಾಥ: ಲೇ ಭೀಮ್ಯಾ, ತಾಲೀಮಿನ್ಯಾಗ ನಿನ್ನ ಮಾತ ನಡದೈತಿ. ಹುಡುಗೋರು ಬೆರಗಾಗ್ಯಾರ. ಪೈಲ್ವಾನರು ಏನ ತಿಂತಾರ, ಕೇಳಿಕೊಂಡ ಬಾ ಅಂದಾರ. ಐತವಾರ ಚೇರಮನ್ನರು ಭಾಷಣದಾಗ ನಿನ್ನ ಉದಾಹರಣಿ ಕೊಡತಾರಂತ.

ಭೀಮಗೊಂಡನ ಮೀಸೆಯಲ್ಲಿ ನಾಲ್ಕು ತಿಂಗಳಿಂದ ಕೂದಲು ಉದುರುತ್ತಿತ್ತು. ಕೆಮ್ಮಿದರೆ, ನಕ್ಕರೆ ಹನಿ ತಡೆಯದು ಎಂದು ಧೋತರದ ಒಳಗೆ ಮಡಿಸಿದ ಅರಿವೆ ಇತ್ತು. ಅಂಥವನ ಬಗ್ಗೆ ಊರು ಹೀಗೆ ಮಾತಾಡುತ್ತಿದೆ! ಅವನು ಏನೂ ಹೇಳಬೇಕಾಗಿಲ್ಲ. ಸುಮ್ಮನೆ ಕೂತರೆ ಸಾಕು, ಐತವಾರ ಚಪ್ಪಾಳೆ ಬೀಳುತ್ತದೆ. ಒಂದು ಕ್ಷಣ ಸುಮ್ಮನೆ ಕೂತೂ ನೋಡಿದ. ಹಿತವಾಗಿಯೇ ಇತ್ತು. ಆಮೇಲೆ ಗುರುಸಿದ್ದವ್ವನ ಸೆರಗಿನ ಕಡೆ ಕಣ್ಣು ಹೋಯಿತು. ಆ ಹೆಂಗಸು ನಾಳೆ ನೀರಿಗೆ ಹೋಗಬೇಕು, ಬಾವಿಕಟ್ಟೆಯಲ್ಲಿ ನಿಲ್ಲಬೇಕು.

ಭೀಮಗೊಂಡ: ಕುಂಥ್ಯಾ, ಆ ಗುಳಗಿ ನಂದು.

ಕುಂಥುನಾಥ: ಶಕ್ತಿ ಗುಳಗಿ?

ಭೀಮಗೊಂಡ: ಶಕ್ತಿ ಕಳಿಯೂ ಗುಳಗಿ. ಉಚ್ಚಿ ಹಾದ್ಯಾಗ ಕ್ಯಾನ್ಸರ್ ಗಂಟು ಆಗೈತಿ. ಅದನ್ನ ಉಪವಾಸ ಕೆಡವಾಕ ಹೆಂಗಸರ ಗುಳಗಿ ನುಂಗತೇನಿ. ನಾಲ್ಕು ತಿಂಗಳಾಗಿದ್ದು ನನಗ, ಇಕಿಗಲ್ಲ.

ಭೀಮಗೊಂಡ ಇನ್ನು ಮಾತು ಬೆಳೆಸುವುದು ಬೇಡವೆಂದು ಅಂಗಿಯ ಗುಂಡಿ ಬಿಚ್ಚಿ ಎದೆ ತೋರಿಸಿದ. ಕಣದಲ್ಲಿ ಸೋತವನು ಬೆನ್ನಿನ ಮಣ್ಣು ತೋರಿಸುವಂತೆ ತೋರಿಸಿದ.

ಭೀಮಗೊಂಡ: ನೋಡು. ಇದನ್ನ ಹೊತಗೊಂಡು ಐತವಾರ ಕಣಕ್ಕ ಹೆಂಗ ಇಳೀಲಿ?

ಕುಂಥುನಾಥ ಬಗ್ಗಿ, ಬೆಲ್ಲದ ಪೆಂಟೆ ಪರೀಕ್ಷಿಸುವಂತೆ ಎಡಕ್ಕೂ ಬಲಕ್ಕೂ ನೋಡಿದ. ಆಮೇಲೆ ಎದ್ದು ನಿಂತು ತನ್ನ ಅಂಗಿಯ ಗುಂಡಿ ಬಿಚ್ಚಿದ. ಗೆಳೆಯನದಕ್ಕಿಂತ ಎರಡರಷ್ಟು ದೊಡ್ಡವು ಹೊಟ್ಟೆಯ ಮೇಲೆ ಇಳಿದು ಕೂತಿದ್ದವು.

ಕುಂಥುನಾಥ: ನಾ ಯಾವ ಗುಳಗೀನೂ ನುಂಗಿಲ್ಲ.

ಭೀಮಗೊಂಡ: ಮತ್ತ?

ಕುಂಥುನಾಥ: ಬೆಲ್ಲ. ಐತವಾರ ನಾನೂ ನಿನ್ನ ಜೋಡಿ ಇಳೀತೇನಿ. ಮಂದಿ ನನ್ನ ನೋಡಿ ಮುಗಸೂದ್ರಾಗ ನಿನ್ನ ಶಡ್ಡು ಆಗಿರತೈತಿ.

ಗುರುಸಿದ್ದವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಭೀಮಗೊಂಡನಿಗೆ ನಗು ತಡೆಯಲಿಲ್ಲ. ಕಂಬ ಹಿಡಿದು ನಕ್ಕ. ಆಮೇಲೆ ಮುಖ ಗಂಭೀರ ಮಾಡಿಕೊಂಡು ಎದ್ದು, ಅರಿವೆ ಬದಲಿಸಲು ಒಳಗೆ ಹೋದ. ಹೊರಗೆ ಬರುವಾಗ ಹೆಂಡತಿ ನೀರಿನ ತಂಬಿಗೆ, ಹೊಸ ಗುಳಿಗೆ ಹಿಡಿದು ನಿಂತಿದ್ದಳು. ತೆಗೆದುಕೊಂಡು ನುಂಗಿದ. ಅವಳು ಬಾಯಿ ತೆರೆಸಿ, ನಾಲಗೆ ಎತ್ತಿಸಿ ನೋಡಿದಳು.

ಗುರುಸಿದ್ದವ್ವ: ಭಾವುಜಿ, ಆ ಕಟ್ಟಿಮ್ಯಾಲಿನ ಮಂದಿಗೆ ಇಂದ ಖರೇ ಸುದ್ದಿ ಹೇಳ್ರಿ. ನಾಚಿಕಿ ಬ್ಯಾಡ. ನಮಗಿಲ್ಲ, ನಿಮಗ್ಯಾಕ?

ಕುಂಥುನಾಥ: ಹೇಳತೇನ್ರಿ.

ಹೇಳುತ್ತೇನೆ ಎಂದವನು ಹೊರಡಲಿಲ್ಲ. ಟೋಪಿ ತೆಗೆದು ಮೊಣಕಾಲಿಗೆ ಹಾಕಿದ, ಮತ್ತೆ ತಲೆಗೆ ಹಾಕಿದ.

ಕುಂಥುನಾಥ: ಭೀಮ್ಯಾ, ನಿನಗ ಮೊದಲಿಗೆ ಹೆಂಗಾತು? ಕುಂತಕೂಡಲೇ ಉಚ್ಚಿ ಬರತಿತ್ತೋ, ಕಾಯಬೇಕಾಗತಿತ್ತೋ?

ಭೀಮಗೊಂಡ: ಕಾಯಬೇಕಾಗತಿತ್ತು.

ಕುಂಥುನಾಥ: ಬಂದ ಮ್ಯಾಲೆ ನಿಂತ ನಿಂತ ಬರತಿತ್ತೇನು? ಮುಗೀತು ಅಂತ ಎದ್ರ ಮತ್ತ ಬಂದಂಗ?

ಭೀಮಗೊಂಡ: ಹಂಗ ಆಗತಿತ್ತು. ಯಾಕ, ಯಾರಿಗೆ ಆಗಾಕತ್ತೈತಿ?

ಕುಂಥುನಾಥ: ನಮ್ಮ ಪರಿಚಯದಂವ ಒಬ್ಬ ಅದಾನ. ನಿಮಗ ಗೊತ್ತಿಲ್ಲ. ಹಾತಕಣಂಗಲೆ ಕಡೆಯಂವ.

ಗುರುಸಿದ್ದವ್ವ ಗಂಡನನ್ನು ನೋಡಿದಳು. ಗಂಡ ಛಾವಣಿ ನೋಡಿದ.

ಗುರುಸಿದ್ದವ್ವ: ಹಂಗಿದ್ರ ತಡಾ ಮಾಡಬಾರದ್ರಿ. ಎಲ್ಲಾ ಗಂಟೂ ಕ್ಯಾನ್ಸರ್ ಇರೂದಿಲ್ಲಂತ, ತೋರಿಸಿದ್ರ ತಿಳೀತೈತಿ. ಸೋಮವಾರ ಮುಂಜಾನೆ ಗಾಡಿಗೆ ನಾವು ಕೊಲ್ಲಾಪುರಕ್ಕ ಹೊಂಟೇವಿ. ಕೂಡೇ ಬರ್ರಿ ಅಂತ ಅವರಿಗೆ ಹೇಳ್ರಿ.

ಕುಂಥುನಾಥ: ಬರತಾನ, ಬರತಾನ. ಖರೆ ಆ ಗಾಡಿ ನಿಪಾಣಿ ಸ್ಟ್ಯಾಂಡಿನ್ಯಾಗ ಎಷ್ಟ ಹೊತ್ತು ನಿಲ್ಲತೈತಿ, ಕೇಳ್ಯಾನ.

ಗುರುಸಿದ್ದವ್ವ: ಸೋಮವಾರದ ಮಾತು ನಾ ಈಗಷ್ಟ ತಗದೇನ್ರಿ ಭಾವುಜಿ. ಅಂವ ಹಾತಕಣಂಗಲೆಯಿಂದ ಯಾವಾಗ ಕೇಳಿದ?