ಎಣಿಕೆಯ ಬುಧವಾರ ಕುರ್ಚಿ ತಪ್ಪಿದ ಮೂವರು ಮಕ್ಕಳ ಕುರಿತು

ಮಾನ್ಯ ಶಾಸಕರಾದ ಡೆಲ್ಬರ್ಟ್ ಹಾಲ್ವರ್‌ಸನ್ ಅವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ಕೋಟಿನ ಇಸ್ತ್ರಿ ಮತ್ತು ತಮ್ಮ ಫೋಟೊಗ್ರಾಫರರ ಕ್ಯಾಮೆರಾ ಮೂರೂ ಸುಸ್ಥಿತಿಯಲ್ಲಿವೆ ಎಂದು ನಂಬಿ, ಪೈನ್ ರಿವರ್ ಶಾಲೆಯ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಹಾಜರಿ ಬರೆಯುತ್ತಿರುವ ಐಲಾ ಕಂಗಾಸ್ ಎಂಬ ನಾನು ಈ ಪತ್ರವನ್ನು ಊರೆಲ್ಲ ಓದಲೆಂದು ಬರೆಯುತ್ತಿದ್ದೇನೆ.

ಅಕ್ಟೋಬರ್ ಮೊದಲ ಬುಧವಾರ ಎಷ್ಟು ಮಕ್ಕಳು ಶಾಲೆಯಲ್ಲಿರುತ್ತಾರೋ ಅಷ್ಟು ತಲೆಗೆ ಮಾತ್ರ ರಾಜ್ಯ ಸರ್ಕಾರ ವರ್ಷವಿಡೀ ಅನುದಾನ ಕೊಡುತ್ತದೆ ಎಂಬುದನ್ನು ತಮಗೆ ನೆನಪಿಸುವುದು ಅಧಿಕಪ್ರಸಂಗವಾದೀತು. ಈ ಸಲ ಎಪ್ಪತ್ನಾಲ್ಕಕ್ಕಿಂತ ಒಂದು ತಲೆ ಕಡಿಮೆಯಾದರೂ ಎರಡನೇ ತರಗತಿಯ ಶಿಕ್ಷಕಿ ಇರ್ಯಾ ನುರ್ಮೆಲಾ ಕ್ರಿಸ್‌ಮಸ್ ಹೊತ್ತಿಗೆ ಕೆಲಸ ಬಿಟ್ಟು ಮನೆಗೆ ಹೋಗಬೇಕು, ಅವಳ ತರಗತಿಯ ಮಕ್ಕಳನ್ನು ಮೂರನೇ ತರಗತಿಗೆ ತುರುಕಬೇಕು ಎಂದು ಮೊದಲೇ ತೀರ್ಮಾನವಾಗಿತ್ತು. ಆದ್ದರಿಂದ ಅಂದು ಮಲಗುವ ಉಡುಪಿನಲ್ಲೇ ಶಾಲೆಗೆ ಬರಬಹುದೆಂದು ಮಕ್ಕಳಿಗೆ ಆಸೆ ತೋರಿಸಿದೆವು, ಮೇಪಲ್ ಪಾಕ ಸುರಿದ ಪ್ಯಾನ್‌ಕೇಕ್ ಬಡಿಸಿದೆವು. ನಮ್ಮ ಬಸ್ ಚಾಲಕ ಟೌನೊ, ಮೊಮ್ಮಗನೊಡನೆ ಬಾತುಕೋಳಿ ಬೇಟೆಗೆ ಹೊರಟಿದ್ದ ಮುದುಕನ ಪಿಕಪ್‌ಗೆ ಬಸ್ಸನ್ನೇ ಅಡ್ಡ ನಿಲ್ಲಿಸಿದ. ಮುದುಕ ಗೊಣಗುತ್ತ, "ಬಾತು ನಾಳೆನೂ ಹಾರ್ತವೆ, ಕರ್ಕೊಂಡ್ ಹೋಗಪ್ಪ. ಇರ್ಯಾಗೋಸ್ಕರ ಬಿಡ್ತಿದೀನಿ, ಸರ್ಕಾರಕ್ಕಲ್ಲ" ಎಂದನಂತೆ. ಹೀಗೆ ಗುಡ್ಡೆಹಾಕಿದ ತಲೆಗಳು ಎಪ್ಪತ್ತಾರು. ನಾನು ಎರಡು ಸಲ ಎಣಿಸಿ, ಖುಷಿಗೆ ಮೂರನೇ ಸಲವೂ ಎಣಿಸಿದೆ.

ಅಷ್ಟರಲ್ಲಿ ತಮ್ಮ ಆಗಮನವಾಯಿತು. ಶಿಕ್ಷಣದ ಮೇಲೆ ತಮಗಿರುವ ಪ್ರೀತಿ ಎಷ್ಟೆಂದರೆ, ಸರೋವರದ ಹಿನ್ನೆಲೆಯಲ್ಲಿ ಮೂರು ಮಕ್ಕಳ ಭುಜದ ಮೇಲೆ ಕೈಯಿಟ್ಟು ಫೋಟೊಗೆ ನಿಲ್ಲದೆ ಅದು ಒಳಗೆ ಹಿಡಿಸದು. "ಐದೇ ನಿಮಿಷ ಕಣಮ್ಮ, ಎಣಿಸೋ ಹೊತ್ತಿಗೆ ತಂದು ಬಿಡ್ತೀವಿ" ಎಂದಿರಿ. ಆ ಮಕ್ಕಳ ಕೂದಲು ಬಾಚಿ ತಮ್ಮ ಕಾರು ಹತ್ತಿಸಿದವಳು ನಾನೇ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಮೋಡ ಸರಿಯಲೆಂದು ತಾವು ಕಾದಿರಿ, ಅಲೆ ಏಳಲೆಂದು ಕಾದಿರಿ, ಕೊನೆಗೆ ಟೈ ಬದಲಿಸಿದಿರಿ. ಇತ್ತ ಶಾಲೆಯ ಎರಡನೇ ಗಂಟೆ ಹೊಡೆಯಿತು, ಮೂರನೆಯದೂ ಹೊಡೆಯಿತು. ಆ ಎರಡು ಗಂಟೆಗಳ ನಡುವೆ ತನ್ನ ಕುರ್ಚಿಯಲ್ಲಿ ಕೂತಿರದ ಮಗು ಲೆಕ್ಕಕ್ಕಿಲ್ಲ ಎಂಬ ನಿಯಮಕ್ಕೆ ಕಳೆದ ವರ್ಷ ಕೈಯೆತ್ತಿದವರಲ್ಲಿ ತಾವೂ ಒಬ್ಬರು. ಆ ಕೈಯೇ ಆಗ ವೆಸ್ಟಾ ಹಾರ್ಯು ಎಂಬ ಏಳು ವರ್ಷದ ಹುಡುಗಿಯ ಭುಜದ ಮೇಲಿತ್ತು. ನಾನು ಎಪ್ಪತ್ಮೂರು ಎಂದು ಬರೆದು ರುಜು ಹಾಕಿದೆ.

ರಾಜಧಾನಿಗೆ ಫೋನ್ ಮಾಡಿದಾಗ ಅಲ್ಲಿಯ ಅಧಿಕಾರಿಗಳು ಬಹಳ ಸೌಜನ್ಯದಿಂದ, "ಮಕ್ಕಳು ಊರಲ್ಲೇ ಇದ್ರು ಅಂತ ನಂಗೂ ಗೊತ್ತು ಮೇಡಂ, ಪೇಪರ್‌ನಲ್ಲಿ ಫೋಟೊ ನೋಡ್ದೆ, ಚೆನ್ನಾಗಿ ಬಂದಿದೆ. ಆದ್ರೆ ಕುರ್ಚಿ ಮೇಲೆ ಇರ್ಲಿಲ್ವಲ್ಲ" ಎಂದರು. ಫೋಟೊದ ಕೆಳಗೆ 'ನಮ್ಮ ಶಾಲೆಗಳ ಭವಿಷ್ಯ ಭದ್ರ' ಎಂದು ಅಚ್ಚಾಗಿತ್ತು.

ಮಾನ್ಯರೇ, ನಮಗೆ ಬೇಕಿರುವುದು ಒಂದೇ ಒಂದು ತಲೆ. ಆದಕಾರಣ ತಾವೇ ದಯಮಾಡಿ ಎರಡನೇ ತರಗತಿಗೆ ಸೇರಬೇಕೆಂದು ವಿನಂತಿ. ವಯಸ್ಸಿನ ವಿಚಾರಕ್ಕೆ ತಾವೊಂದು ತಿದ್ದುಪಡಿ ತಂದರೆ ಆಯಿತು. ಕುರ್ಚಿ ಸ್ವಲ್ಪ ಚಿಕ್ಕದು, ಆದರೆ ಕುರ್ಚಿಗೆ ಹೊಂದಿಕೊಳ್ಳುವುದನ್ನು ತಮಗೆ ನಾವು ಕಲಿಸಬೇಕಿಲ್ಲ. ಶೌಚಕ್ಕೆ ಹೋಗುವ ಮುನ್ನ ಕೈಯೆತ್ತಿ ಕೇಳಬೇಕು, ಊಟದ ತಟ್ಟೆ ತಾವೇ ಎತ್ತಿಡಬೇಕು. ಇರ್ಯಾಳನ್ನು ಕೇಳಿದೆ. ಖಾಲಿ ರಟ್ಟಿನ ಪೆಟ್ಟಿಗೆಗೆ ಪುಸ್ತಕ ತುಂಬುತ್ತಿದ್ದವಳು ತಲೆಯೆತ್ತದೆ, "ಬರ್ಲಿ ಬಿಡಿ. ಕಳೆಯೋ ಲೆಕ್ಕ ಅವ್ರಿಗೆ ಚೆನ್ನಾಗೇ ಬರುತ್ತೆ, ಕೂಡೋದನ್ನ ನಾನ್ ಹೇಳ್ಕೊಡ್ತೀನಿ" ಎಂದಳು.

ಇದು ಆಗದಿದ್ದರೆ ಇನ್ನೊಂದು ಸಣ್ಣ ಕೆಲಸವಿದೆ. ವೆಸ್ಟಾ ದಿನಾ ಬೆಳಿಗ್ಗೆ ನನ್ನ ಮೇಜಿನ ಮುಂದೆ ನಿಂತು, "ಇನ್ನೂ ಸ್ವಲ್ಪ ನಗು ಅಂದ್ರು, ಅದಕ್ಕೇ ನಿಂತ್ಕೊಂಡೆ. ಮಿಸ್ ನನ್ನಿಂದ ಹೋಗ್ತಿದಾರಾ?" ಎಂದು ಕೇಳುತ್ತಾಳೆ. ನಾನು ಅಲ್ಲ ಎನ್ನುತ್ತೇನೆ, ಅವಳು ನಂಬುವುದಿಲ್ಲ. ತಾವೇ ಬಂದು, ಕ್ಯಾಮೆರಾ ಇಲ್ಲದೆ, ಯಾರಿಂದ ಎಂದು ಆ ಮಗುವಿಗೆ ಹೇಳಿ ಹೋಗಬೇಕು.

ಮೂರು ಗಂಟೆಗಳೂ ಕೇಳಿಸುವಷ್ಟು ಹತ್ತಿರದಲ್ಲೇ ಕೂತಿರುವ,
ತಮ್ಮ ವಿಶ್ವಾಸಿ,
ಐಲಾ ಕಂಗಾಸ್

ಮರೆತ ಮಾತು: ಮುಂದಿನ ತಿಂಗಳು ಮೊದಲ ಮಂಗಳವಾರ ನಮ್ಮ ಶಾಲೆಯ ವ್ಯಾಯಾಮದ ಕೋಣೆಯಲ್ಲೇ ತಮ್ಮ ಚುನಾವಣೆ, ಮತದಾರರ ಹೆಸರಿಗೆ ಗುರುತು ಹಾಕುವವಳೂ ನಾನೇ. ಅಂದು ತಮಗೆ ಮತ ಹಾಕುತ್ತಿದ್ದವರೆಲ್ಲ ಫೋಟೊ ತೆಗೆಸಿಕೊಳ್ಳಲು ಸರೋವರದ ದಂಡೆಗೆ ಹೋಗುತ್ತಾರಂತೆ, ಬಾಗಿಲು ಮುಚ್ಚುವುದರೊಳಗೆ ಬಂದೇ ಬರುತ್ತಾರಂತೆ, ಐದೇ ನಿಮಿಷವಂತೆ. ಇರ್ಯಾ ಮಾತ್ರ ಬೆಳಿಗ್ಗೆ ಏಳಕ್ಕೇ ಸಾಲಿನಲ್ಲಿರುತ್ತೇನೆ ಎಂದಿದ್ದಾಳೆ.