ಭಾವನ ಮೊಹರು, ಮಗಳ ಎರಡನೆಯ ಪತ್ರ

ನನ್ನ ಹೆಂಡತಿಯ ಅಣ್ಣನ ಜೇಬಿನಲ್ಲಿ ಪರ್ಸ್ ಇಲ್ಲದ ದಿನ ಇದ್ದೀತು, ಮೊಹರು ಇಲ್ಲದ ದಿನ ಇರಲಿಲ್ಲ! ದುಬೈಯ ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ಮೊಹರು ಬೀಳದ ಕಾಗದ ಕಾಗದವೇ ಅಲ್ಲ ಎಂಬುದು ಅವನ ಧರ್ಮ. 'ಸುಸ್ಥಿತಿಯಲ್ಲಿ ತಲುಪಿದೆ' ಎಂಬ ನೀಲಿ ಮುದ್ರೆ ನಮಗೆ ಬಂದ ಮದುವೆ ಕರೆಯೋಲೆಗಳ ಮೇಲಿದೆ. ಮಗಳು ಹುಟ್ಟಿದಾಗ ಆಸ್ಪತ್ರೆಯವರು ಕೊಟ್ಟ ಚೀಟಿಯ ಮೇಲೂ ಇದೆ! ಆ ಚೀಟಿ ಹಿಡಿದು ನಾನು ಎಷ್ಟು ಕೌಂಟರುಗಳಲ್ಲಿ ಬೈಸಿಕೊಂಡೆ ಎಂದು ಕೇಳಬೇಡಿ.

ಆ ಮಗಳು ಮೆಡಿಕಲ್‌ಗೆ ಅರ್ಜಿ ಹಾಕುವ ವರ್ಷ ಬಂತು. ಹೊರದೇಶದ ಕಾಲೇಜು. ಅವಳನ್ನು ಬಲ್ಲ ಇಬ್ಬರು ಶಿಫಾರಸು ಪತ್ರ ಬರೆಯಬೇಕಂತೆ, ಸಂಬಂಧಿಕರು ಬರೆಯುವಂತಿಲ್ಲ. ಒಂದನ್ನು ಬಯಾಲಜಿ ಟೀಚರ್ ಬರೆದರು. ಇನ್ನೊಂದು? ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಸತ್ವಾದಲ್ಲಿ ಸ್ವಂತ ಟೈಲರಿಂಗ್ ಅಂಗಡಿ ಮಾಡಿದ್ದೇನೆ; ನನ್ನ ಹೊಲಿಗೆಯೇ ನನ್ನ ಶಿಫಾರಸು. ಯಾರ ಬಾಗಿಲಲ್ಲೂ ನಿಂತವನಲ್ಲ. ಹೇಗೆ ನಿಲ್ಲಬೇಕೆಂದೂ ಗೊತ್ತಿರಲಿಲ್ಲ.

"ನೀನು ಸುಮ್ಮನಿರು ಮಾರಾಯ. ದೊಡ್ಡವರ ಲೆಟರ್‌ಹೆಡ್ ಬೇಕು, ಉರುಟು ಮೊಹರು ಬೇಕು," ಎಂದು ಭಾವ ಹೊರಟ. ಯಾವುದೋ ಸಂಘದ ಅಧ್ಯಕ್ಷರ ಆಫೀಸಿನಲ್ಲಿ ಮೂರು ಸಂಜೆ ಕಾದು ಪತ್ರ ತಂದ. ಒಂದಲ್ಲ, ಎರಡು ಮೊಹರು! ಮಗಳು ಓದಿ ತಲೆಯೆತ್ತಿದಳು.

"ಮಾಮ, ಹಿ ಥಿಂಕ್ಸ್ ಐ ಆ್ಯಮ್ ಎ ಬಾಯ್."

ಇಡೀ ಪತ್ರದಲ್ಲಿ ಅವಳು ಸಚ್ಚಾರಿತ್ರ್ಯದ ಯುವಕ!

"ಮೊಹರು ಸರಿ ಉಂಟಲ್ಲ?" ಎಂದ ಭಾವ. ಯಾರೂ ನಗಲಿಲ್ಲ. ಕೊನೆಯ ದಿನಕ್ಕೆ ಒಂದೇ ವಾರವಿತ್ತು.

"ನನ್ನನ್ನು ನೋಡಿದವರು ಬರೆಯಬೇಕು," ಎಂದಳು ಮಗಳು. "ಮುಹೈಸ್ನಾದ ಡಾಕ್ಟರಮ್ಮ."

ಮುಹೈಸ್ನಾದ ಲೇಬರ್ ಕ್ಯಾಂಪಿನಲ್ಲೊಂದು ಸಣ್ಣ ಕ್ಲಿನಿಕ್ಕು. ಎರಡು ವರ್ಷ, ಪ್ರತಿ ಶುಕ್ರವಾರ, ರೋಗಿಗಳ ಹೆಸರು ಬರೆದುಕೊಳ್ಳಲು, ಬ್ಯಾಂಡೇಜು ಕತ್ತರಿಸಿ ಕೊಡಲು ಅವಳು ಅಲ್ಲಿಗೆ ಹೋಗುತ್ತಿದ್ದಳು. ಕರೆದೊಯ್ದು ಹೊರಗೆ ವ್ಯಾನಿನಲ್ಲಿ ಕಾಯುತ್ತಿದ್ದವನು ಭಾವ. ನಾನು ಆ ಕಡೆ ಕಾಲಿಟ್ಟಿರಲಿಲ್ಲ. ಈ ದೇಶದಲ್ಲಿ ನನ್ನ ಮೊದಲ ಮಂಚ ಅದೇ ಕ್ಯಾಂಪಿನಲ್ಲಿತ್ತು. ಬಿಟ್ಟ ಮೇಲೆ ತಿರುಗಿ ನೋಡಬಾರದೆಂಬ ಹಟ.

"ಕ್ಯಾಂಪಿನ ಕಾಗದಕ್ಕೆ ಯಾರು ಬೆಲೆ ಕೊಡ್ತಾರೆ?" ಎಂದೆ.

"ನಾನು ಕೆಲಸ ಮಾಡಿದ್ದು ಅಲ್ಲಿ, ಅಪ್ಪ."

ಕೆಲಸ ಎಂಬ ಆ ಒಂದು ಮಾತು ನನಗೆ ಸಾಕಾಯಿತು. ಶುಕ್ರವಾರ ಮೂವರೂ ಹೋದೆವು. ಇಷ್ಟು ವರ್ಷಗಳ ಮೇಲೆ ಅಲ್ಲಿ, ಒಂದು ಬಾಗಿಲಲ್ಲಿ ನಿಂತೆ.

"ಒಬ್ಬರ ಕಾಲಿನ ಹುಣ್ಣು ನೋಡಿ ಹೊರಗೆ ಓಡಿ ಅತ್ತಿದ್ದಳು," ಎಂದರು ಡಾಕ್ಟರಮ್ಮ. "ಮುಖ ತೊಳೆದುಕೊಂಡು ವಾಪಸ್ ಬಂದು ಬ್ಯಾಂಡೇಜು ಹಿಡಿದಳು. ಅದನ್ನೇ ಬರೆಯುತ್ತೇನೆ." ಬರೆದು, ಲಕೋಟೆ ಅಂಟಿಸಿ, ಸಹಿ ಹಾಕಿದರು.

"ಮೊಹರು?" ಎಂದ ಭಾವ.

"ಇಲ್ಲಿ ಮೊಹರೆಲ್ಲ ಎಲ್ಲಿಂದ? ನಿಮ್ಮ ಜೇಬಿನಲ್ಲೇ ಒಂದುಂಟು ಅಂತ ಇವಳು ಹೇಳಿದ್ದಾಳಲ್ಲ!" ಅವರು ನಕ್ಕರು.

ಅಯ್ಯೋ, ಕೆಟ್ಟೆವು! ಭಾವನಿಗೆ ತಮಾಷೆಗೂ ಹಾಗೆ ಹೇಳುವುದುಂಟೇ? ಆಗಲೇ ಮೊಹರು ಹೊರಗೆ ಬಂದಿತ್ತು. ಎಂದಿನಂತೆ ಅದರ ಮೇಲೆ 'ಹಾ' ಎಂದು ಉಸಿರು ಬಿಟ್ಟ. ಲಕೋಟೆಯ ಮೇಲೆ ಕೈ ಎತ್ತಿದ. ಕೈ ಅಲ್ಲೇ ನಿಂತಿತು. ಮೊಹರನ್ನು ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಜೇಬಿಗೆ ಹಾಕಿಕೊಂಡ.

"ಇದು ಬಂದದ್ದಕ್ಕೆ ಹಾಕುವ ಮೊಹರು," ಎಂದ, ನನ್ನ ಕಡೆ ನೋಡದೆ. "ಹುಟ್ಟಿ ಬಂದಾಗ ಹಾಕಿದ್ದೇನೆ. ಈಗ ಹೋಗ್ತಾ ಇದ್ದಾಳೆ. ಡಾಕ್ಟರಾಗಿ ಬರಲಿ ಮಾರಾಯ, ಆಗ ಹಾಕ್ತೇನೆ."